ಪೋಷಣನ್ಯಾಯಗಳೂ ಅನ್ನದ ಸನ್ನೆಯೂ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಹಿರೀಸಾವೆಯು ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯ ಮೇಲಿನ ಹೋಬಳಿಯ ಊರು. ಅದರ ಹೆಸರಿನ ಉತ್ತರಪದವು ಸಾವೆಯೆಂಬ ಕಿರುಧಾನ್ಯದ ಹೆಸರಿನೊಡನೆ ಅಕ್ಷರಶಃ ಒಂದಾಗಿರುವುದರಿಂದ, ಧಾನ್ಯದಿಂದಲೇ ಊರಿಗೆ ಹೆಸರಾಯಿತೆಂದು ಹೇಳಿಬಿಡಲು ಯಾರಿಗಾದರೂ ಮನಸ್ಸಾಗುವುದು ಸಹಜ. ಆದರೆ ಸ್ಥಳನಾಮಗಳಲ್ಲಿ ಶಬ್ದಸಾಮ್ಯವು ಅರ್ಥಸಾಮ್ಯಕ್ಕೆ ಪ್ರಮಾಣವಾಗಲಾರದೆಂಬುದು ಶಾಸನಗಳಲ್ಲಿ ಪರಿಶ್ರಮವುಳ್ಳವರೆಲ್ಲರೂ ಬಲ್ಲ ಮಾತು. ಹಳೆಯ ರೂಪವನ್ನು ಕಲ್ಲಿನ ಮೇಲೆ ಕಂಡಲ್ಲದೆ ಅವರು ನಿರುಕ್ತಿಯನ್ನು ಹೇಳಲೊಪ್ಪರು. ಊರಿನ ಹೆಸರಿಗೆ ಸಲ್ಲುವ ಈ ಎಚ್ಚರಿಕೆಯು ದೇಹವಿಚಾರದ ಪದಗಳಿಗೆ ಬಂದಾಗ ಮಾತ್ರ ವಿದ್ವಾಂಸರಲ್ಲಿ ಸಡಿಲವಾಗುತ್ತಿರುವುದು ಶೋಚನೀಯ. ಜೀವಕೋಶದ ಬೆಳವಣಿಗೆಗೂ ಅದಕ್ಕೊದಗುವ ಆಹಾರಕ್ಕೂ ಇರುವ ಸಂಬಂಧವನ್ನು ಕುರಿತು ಕಳೆದ ಅರ್ಧ ಶತಮಾನದಲ್ಲಿ ನಡೆದಿರುವ ಶೋಧನೆಗಳನ್ನು ಕೇಳಿದೊಡನೆ, ಇದೆಲ್ಲವೂ ಚರಕನಲ್ಲಿ ಹೇಳಿಯೇ ಇದೆಯೆಂಬುದು ಒಂದು ಪಕ್ಷ. ಅಲ್ಲಿ ಇದರ ಗಂಧವೂ ಇಲ್ಲ, ಇಂಗ್ಲಿಷ್ ಪದಗಳನ್ನೇ ಕನ್ನಡದ ಲಿಪಿಯಲ್ಲಿ ಬರೆದರೆ ಸಾಕೆಂಬುದು ಇನ್ನೊಂದು ಪಕ್ಷ. ಎರಡೂ ವಿಚಾರದ ಮುಂದೆ ನಿಲ್ಲತಕ್ಕವಲ್ಲ.

ಪ್ರಾಚೀನ ಪಕ್ಷವನ್ನು ಮೊದಲು ನೋಡಬೇಕು. ಉಂಡ ಅನ್ನವು ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರಗಳೆಂಬ ಏಳು ಧಾತುಗಳನ್ನು ಹೇಗೆ ಪೋಷಿಸುವುದೆಂಬ ಪ್ರಶ್ನೆಗೆ ಆಯುರ್ವೇದದಲ್ಲಿ ಮೂರು ನ್ಯಾಯಗಳು ಪ್ರಸಿದ್ಧವಾಗಿವೆ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೆಂಟನೆಯ ಅಧ್ಯಾಯವನ್ನು ವ್ಯಾಖ್ಯಾನಿಸುವಾಗ ಹನ್ನೊಂದನೆಯ ಶತಮಾನದ ಚಕ್ರಪಾಣಿದತ್ತನು ಇವನ್ನು ಎದುರುಬದುರಾಗಿ ನಿಲ್ಲಿಸಿ ಚರ್ಚಿಸಿರುವನು. ಹಾಲು ಮೊಸರಾಗಿ, ಮೊಸರು ಬೆಣ್ಣೆಯಾಗಿ, ಬೆಣ್ಣೆ ತುಪ್ಪವಾಗುವಂತೆ ಒಂದು ಧಾತುವೇ ಮಾರ್ಪಟ್ಟು ಮುಂದಿನ ಧಾತುವಾಗುವುದೆಂಬುದು ಕ್ಷೀರದಧಿನ್ಯಾಯ. ಕಾಲುವೆಯ ನೀರು ಮೊದಲ ಗದ್ದೆಯನ್ನು ನೆನೆಸಿ ಅನಂತರ ಎರಡನೆಯದಕ್ಕೂ ಮೂರನೆಯದಕ್ಕೂ ಹರಿಯುವಂತೆ ಅನ್ನರಸವು ಧಾತುಗಳನ್ನು ಕ್ರಮವಾಗಿ ತಣಿಸುವುದೆಂಬುದು ಕೇದಾರೀಕುಲ್ಯಾನ್ಯಾಯ. ಕಣದಲ್ಲಿ ಹರಡಿದ ಕಾಳಿಗೆ ನಾನಾ ದಿಕ್ಕುಗಳಿಂದ ಬಂದ ಪಾರಿವಾಳಗಳು ತಮತಮಗೆ ಬೇಕಾದುದನ್ನು ಹೆಕ್ಕಿಕೊಂಡು ತಮ್ಮ ತಮ್ಮ ದಾರಿಯಲ್ಲಿ ಹಾರಿಹೋಗುವಂತೆ, ಹತ್ತಿರದ ಧಾತುವಿಗೆ ಬೇಗ, ದೂರದ ಧಾತುವಿಗೆ ತಡವಾಗಿ ಪೋಷಣೆಯಾಗುವುದೆಂಬುದು ಖಲೇಕಪೋತನ್ಯಾಯ.

ಮೂರೂ ಒಕ್ಕಲುತನದ ಮನೆಯಿಂದ ಹುಟ್ಟಿದ ಉಪಮೆಗಳು. ಹಿರೀಸಾವೆಯ ಕಡೆಯ ರೈತನಿಗೆ ಇವುಗಳ ವಿವರಣೆಯೇ ಬೇಡ. ಅಲ್ಲಿ ರಾಗಿಯ ಒಕ್ಕಣೆಗೆ ಈಗ ಎಷ್ಟೋ ಕಡೆ ಸಗಣಿ ಸಾರಿಸಿದ ಕಣ ಹೋಗಿ ಡಾಂಬರು ರಸ್ತೆಯೇ ಕಣವಾಗಿರುವುದಾದರೂ ಹಕ್ಕಿಗಳು ಬರುವುದು ತಪ್ಪಿಲ್ಲ. ಉಪಮೆಗಳ ಚೆಲುವು ನಿಸ್ಸಂದೇಹವಾದುದು. ಆದರೆ ಆಲಂಕಾರಿಕರು ಉಪಮೆಯನ್ನು ಪರೀಕ್ಷಿಸುವಾಗ ಅದು ಚೆಲುವಾಗಿದೆಯೆ ಎಂದು ಕೇಳುವುದಕ್ಕೆ ಮೊದಲು ಸಾಧಾರಣಧರ್ಮ ಯಾವುದೆಂದು ಕೇಳುವರು. ಮೂರು ನ್ಯಾಯಗಳಲ್ಲಿಯೂ ಅನ್ನವು ದ್ರವ್ಯ. ಅದು ಮಾರ್ಪಡುವುದೋ, ಹರಿಯುವುದೋ, ಹೆಕ್ಕಲ್ಪಡುವುದೋ ಎಂಬುದಷ್ಟೇ ಭೇದ. ಬಂದ ದ್ರವ್ಯವನ್ನು ಬೆಳೆಯಲು ಬಳಸಬೇಕೆ, ಬೇಡವೆ ಎಂಬ ನಿರ್ಣಯ ಎಲ್ಲಿ ಆಗುವುದೆಂದು ಮೂರರಲ್ಲೊಂದೂ ಕೇಳುವುದಿಲ್ಲ. ಪಾರಿವಾಳಕ್ಕೆ ಆಯ್ಕೆಯುಂಟಾದುದರಿಂದ ಮೂರನೆಯದು ಆ ಪ್ರಶ್ನೆಯ ಹೊಸ್ತಿಲವರೆಗೆ ಬಂದಿದೆಯೆನ್ನಬಹುದು, ಹೊಸ್ತಿಲನ್ನು ದಾಟಿಲ್ಲ.

ದಾಟಿದ ಕಥೆ ದೂರದ ಒಂದು ದ್ವೀಪದಲ್ಲಿ ಆರಂಭವಾಗುವುದು. ಪೆಸಿಫಿಕ್ ಸಾಗರದ ನಡುವಣ ರಾಪಾ ನೂಯಿ ದ್ವೀಪಕ್ಕೆ ೧೯೬೪ರಲ್ಲಿ ಕೆನಡಾದಿಂದ ಹೋದ ವೈದ್ಯಶೋಧಕರ ತಂಡವು ಅಲ್ಲಿಯ ಮಣ್ಣನ್ನು ತಂದಿತು. ಆ ಮಣ್ಣಿನ ಒಂದು ಸೂಕ್ಷ್ಮಜೀವಿಯು ಸ್ರವಿಸುವ ದ್ರವ್ಯವು ಶಿಲೀಂಧ್ರಗಳನ್ನು ಬೆಳೆಯಗೊಡುವುದಿಲ್ಲವೆಂದು ಮಾಂಟ್ರಿಯಲ್ ನಗರದ ಔಷಧಶಾಲೆಯೊಂದರಲ್ಲಿ ಸುರೇಂದ್ರನಾಥ ಸೆಹಗಲ್ ಮೊದಲಾದವರು ಕಂಡು ೧೯೭೫ರಲ್ಲಿ ಪ್ರಕಟಿಸಿದರು. ದ್ವೀಪದ ಹೆಸರಿನಿಂದ ಅದು ರಾಪಮೈಸಿನ್ ಎನಿಸಿತು. ಅದು ದೇಹದ ರೋಗನಿರೋಧಶಕ್ತಿಯನ್ನು ತಗ್ಗಿಸುವುದೆಂದು ತಿಳಿದ ಮೇಲೆ, ಬೇರೊಬ್ಬರ ಮೂತ್ರಪಿಂಡವನ್ನು ಪಡೆದವರಿಗೆ ಕೊಡುವ ಔಷಧವಾಗಿ ೧೯೯೯ರಲ್ಲಿ ಅಮೆರಿಕದಲ್ಲಿ ಅಂಗೀಕಾರ ಪಡೆಯಿತು. ಅಷ್ಟರಲ್ಲಿ, ಈ ದ್ರವ್ಯವು ಜೀವಕೋಶದಲ್ಲಿ ಯಾವುದನ್ನು ಹಿಡಿದು ಬೆಳವಣಿಗೆಯನ್ನು ನಿಲ್ಲಿಸುವುದೆಂಬುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೯೯೧ರಲ್ಲಿ ಬಯಲಾಗಿತ್ತು. ಹೈಟ್ಮನ್, ಮೊವ್ವ, ಹಾಲ್ ಎಂಬ ಮೂವರು ಹಿಟ್ಟು ಹುಳಿಸುವ ಯೀಸ್ಟಿನಲ್ಲಿ ಆ ವಸ್ತುವನ್ನು ಗುರುತಿಸಿ, ರಾಪಮೈಸಿನ್ನಿನ ಗುರಿ ಎಂಬ ಅರ್ಥದಲ್ಲಿ ಅದನ್ನು ಟಾರ್ ಎಂದು ಕರೆದರು. ಸಸ್ತನಿಗಳಲ್ಲಿಯೂ ಅದೇ ಇರುವುದು ೧೯೯೪ರಲ್ಲಿ ತಿಳಿಯಿತು; ಅದಕ್ಕೆ ಎಂಟಾರ್ ಎಂದು ಹೆಸರಾಯಿತು.

ಈ ನಾಮಕರಣವು ವೈಯಾಕರಣರಿಗೆ ವಿನೋದಕರವಾದುದು. ಮುರಾರಿಯೆಂಬಲ್ಲಿ ಹತನಾದವನಿಂದ ಕೊಂದವನಿಗೆ ಹೆಸರು. ಇಲ್ಲಿ ಬಾಣದಿಂದ ಗುರಿಗೆ ಹೆಸರು. ಕೋಟ್ಯಂತರ ವರ್ಷಗಳಿಂದ ಯೀಸ್ಟಿನಿಂದ ಮನುಷ್ಯನವರೆಗೆ ಕೆಲಸಮಾಡುತ್ತಿರುವ ವಸ್ತುವಿಗೆ ನಿನ್ನೆ ಮೊನ್ನೆ ದೊರೆತ ವಿಷವೊಂದರ ಹೆಸರು ಅಂಟಿಕೊಂಡಿತು. ಆದರೆ ಅದರಲ್ಲಿ ಒಂದು ಶ್ಲೇಷೆಯೂ ಅಡಗಿದೆ. ಬಾಸೆಲ್ ನಗರಕ್ಕೆ ಸ್ಪಾಲೆನ್‌ಟೋರ್ ಎಂಬ ಹಳೆಯ ಕೋಟೆಯ ಬಾಗಿಲೊಂದುಂಟು. ಜರ್ಮನ್ ಭಾಷೆಯಲ್ಲಿ ಟೋರ್ ಎಂದರೆ ಹೆಬ್ಬಾಗಿಲು. ಹೆಸರಿಟ್ಟವರ ಮನಸ್ಸಿನಲ್ಲಿ ಆ ಬಾಗಿಲೂ ಇದ್ದಿತು. ಹೀಗೆ ನೋಡಿದರೆ ಹೆಸರು ಅಷ್ಟೇನೂ ಅನ್ವರ್ಥವಲ್ಲದುದಲ್ಲ.

ಬಾಗಿಲು ತೆರೆಯುವ ಕ್ರಮವನ್ನು ಕನ್ನಡಿಗರಿಗೆ ತಿಳಿಸಲು ಕೇದಾರೀಕುಲ್ಯಾನ್ಯಾಯವನ್ನೇ ತೆಗೆದುಕೊಂಡು ಅದರಲ್ಲಿ ಬಿಟ್ಟುಹೋದವನೊಬ್ಬನನ್ನು ಸೇರಿಸಬೇಕು. ಚನ್ನರಾಯಪಟ್ಟಣದ ಸೀಮೆಯಂಥ ಕೆರೆಗಳ ನಾಡಿನಲ್ಲಿ ನೀರು ತಾನಾಗಿ ಗದ್ದೆಗೆ ಹರಿಯುವುದಿಲ್ಲ. ಕೆರೆಯಲ್ಲಿ ನೀರೆಷ್ಟಿದೆಯೆಂದು ನೋಡಿ, ಊರವರ ಅಪ್ಪಣೆಯನ್ನು ಕೇಳಿ, ತೂಬನ್ನು ಎತ್ತುವವನು ನೀರುಗಂಟಿ. ಜೀವಕೋಶದಲ್ಲಿ ಎಂಟಾರ್ ಮಾಡುವ ಕೆಲಸ ಇದೇ. ಆಹಾರದ ಪ್ರೋಟೀನು ಜೀರ್ಣವಾಗಿ ಬಂದ ಲ್ಯೂಸೀನ್, ಆರ್ಜಿನೀನ್ ಮೊದಲಾದ ಅಮೈನೋ ಆಮ್ಲಗಳು ಸಾಕಷ್ಟಿವೆಯೆಂದು ತಿಳಿದಾಗ, ಅದು ಕೋಶದೊಳಗಿನ ಲೈಸೊಸೋಮ್ ಎಂಬ ಚಿಕ್ಕ ಚೀಲದ ಮೈಮೇಲೆ ಬಂದು ಕೂರುವುದು. ಇದು ಕೆರೆಯ ಮಟ್ಟವನ್ನು ನೋಡುವುದಕ್ಕೆ ಸಮಾನ. ಕೂತಮಾತ್ರಕ್ಕೆ ಕೆಲಸ ನಡೆಯದು. ಇಡೀ ದೇಹದ ಪರವಾಗಿ ಇನ್ಸುಲಿನ್ ಮುಂತಾದುವು ತರುವ ಅಪ್ಪಣೆಯೂ ಬರಬೇಕು. ಎರಡೂ ಕೂಡಿದಾಗ ಅದು ಎಚ್ಚರಗೊಂಡು ಹೊಸ ಪ್ರೋಟೀನುಗಳನ್ನೂ ಕೊಬ್ಬನ್ನೂ ಕಟ್ಟಲು ಹೇಳುವುದು. ಹಳೆಯದನ್ನು ಒಡೆದು ಮರಳಿ ಬಳಸುವ ಆತ್ಮಭಕ್ಷಣದ ಕಾರ್ಯವನ್ನು ತಡೆಯುವುದು. ಶಕ್ತಿಯ ಕೊರತೆಯಾದರೆ ಬೇರೊಂದು ಕಾವಲು ಅದನ್ನು ಅಡಗಿಸುವುದು. ಆಗ ಬೆಳವಣಿಗೆ ನಿಂತು ಆತ್ಮಭಕ್ಷಣವು ಮೊದಲಾಗುವುದು. ಈ ಆತ್ಮಭಕ್ಷಣದ ಶೋಧನೆಗಾಗಿಯೇ ಜಪಾನಿನ ಓಸುಮಿಗೆ ೨೦೧೬ರಲ್ಲಿ ನೊಬೆಲ್ ಪಾರಿತೋಷಿಕ ಬಂದಿತು.

ಇಲ್ಲಿ ಅನ್ನವು ಎರಡು ಕೆಲಸ ಮಾಡುತ್ತಿರುವುದನ್ನು ಗಮನಿಸಬೇಕು. ಲ್ಯೂಸೀನ್ ಕಟ್ಟಡದ ಇಟ್ಟಿಗೆಯೂ ಹೌದು, ಇಟ್ಟಿಗೆ ಬಂದಿದೆಯೆಂಬ ಸುದ್ದಿಯೂ ಹೌದು. ಮೂರು ನ್ಯಾಯಗಳಲ್ಲಿ ಕಾಣದ ಅಂಶ ಇದೊಂದೇ. ಆದರೆ ರೋಗವಿಚಾರವೆಲ್ಲ ಈ ಒಂದರ ಮೇಲೆ ನಿಂತಿದೆ. ಅಪ್ಪಣೆಯಿಲ್ಲದಾಗ ತೂಬನ್ನು ಮುಚ್ಚಿ ಹಿಡಿಯುವ ಜೋಡಿ ಪ್ರೋಟೀನುಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೆ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯುಂಟಾಗಿ, ಮೆದುಳು, ಮೂತ್ರಪಿಂಡ, ಚರ್ಮಗಳಲ್ಲಿ ಗಂಟುಗಳು ಬೆಳೆಯುವುವು. ಮಕ್ಕಳಿಗೆ ಅಪಸ್ಮಾರ ಬರುವುದು. ರಾಪಮೈಸಿನ್ನಿನ ಸಂಬಂಧಿಯಾದ ಎವೆರೊಲಿಮಸ್ ಎಂಬ ಔಷಧವು ಅಂಥ ಮೆದುಳಿನ ಗಂಟುಗಳನ್ನು ಕುಗ್ಗಿಸುವುದರಿಂದ ಅದಕ್ಕೆ ೨೦೧೦ರಲ್ಲಿ ಅಮೆರಿಕದಲ್ಲಿ ಅಂಗೀಕಾರ ದೊರೆಯಿತು. ಅನೇಕ ವಿಧದ ಅರ್ಬುದಗಳಲ್ಲಿ ಅಪ್ಪಣೆ ತರುವ ದಾರಿಯೇ ಕೆಟ್ಟು, ಯಾರೂ ಹೇಳದಿದ್ದರೂ ಹೇಳಿದಂತೆ ಕೋಶಕ್ಕೆ ಕೇಳಿಸುವುದು. ಮಧುಮೇಹದ ಬಗೆ ಇದಕ್ಕಿಂತ ಸೂಕ್ಷ್ಮ. ತೂಬು ಬಹುಕಾಲ ತೆರೆದೇ ಇದ್ದರೆ ಎಂಟಾರಿನ ಕೈಕೆಳಗಿನ ಒಂದು ಪ್ರೋಟೀನು ಹಿಂದಕ್ಕೆ ತಿರುಗಿ ಇನ್ಸುಲಿನ್ನಿನ ಅಪ್ಪಣೆ ಒಳಬರುವ ದಾರಿಯನ್ನೇ ಮಂದಗೊಳಿಸುವುದು. ರಕ್ತದಲ್ಲಿ ಸಕ್ಕರೆಯೂ ಉಂಟು, ಇನ್ಸುಲಿನ್ನೂ ಉಂಟು, ಕೇಳುವ ಕಿವಿಯಿಲ್ಲ. ಇದು ಆ ರೋಗಕ್ಕಿರುವ ಹಲವು ಕಾರಣಗಳಲ್ಲಿ ಒಂದು.

ಚರಕನು ಈ ವಿಷಯವನ್ನು ಅರಿಯನೆಂದು ಹೇಳುವವರು ಸೂತ್ರಸ್ಥಾನದ ಇಪ್ಪತ್ತೊಂದು, ಇಪ್ಪತ್ತಮೂರನೆಯ ಅಧ್ಯಾಯಗಳನ್ನು ಓದಿದಂತೆ ತೋರುವುದಿಲ್ಲ. ಸಂತರ್ಪಣದಿಂದ, ಎಂದರೆ ಮಿತಿಮೀರಿದ ಪೋಷಣೆಯಿಂದ, ಪ್ರಮೇಹವೂ ಅತಿಸ್ಥೌಲ್ಯವೂ ಆಲಸ್ಯವೂ ಉಂಟಾಗುವುವೆಂದೂ, ಅಪತರ್ಪಣದಿಂದ ಬಲಕ್ಷಯ ಮೊದಲಾದುವು ಬರುವುವೆಂದೂ ಆತನು ಎರಡು ಪಟ್ಟಿಗಳನ್ನೇ ಕೊಟ್ಟಿರುವನು. ಅನ್ನದ ಹೆಚ್ಚು ಕಡಮೆಗಳೇ ರೋಗಗಳನ್ನು ಎರಡು ಪಂಗಡವಾಗಿ ಒಡೆಯುವುವೆಂಬ ಈ ಕಾಣ್ಕೆಯು ಸಾಮಾನ್ಯವಾದುದಲ್ಲ. ಇದಕ್ಕಿಂತಲೂ ಬೆಲೆಯುಳ್ಳ ಮಾತು ಇನ್ನೊಂದಿದೆ: ಅತಿಸ್ಥೂಲನಲ್ಲಿ ಮೇದಸ್ಸೊಂದೇ ಬೆಳೆಯುವುದು, ಉಳಿದ ಧಾತುಗಳು ಹಾಗೆ ಬೆಳೆಯವು; ಅಷ್ಟಿದ್ದರೂ ಆತನಿಗೆ ಹಸಿವು ಹೆಚ್ಚು. ಕಾಲುವೆಯ ನ್ಯಾಯವೇ ಪೂರ್ಣಸತ್ಯವಾಗಿದ್ದರೆ ನೀರು ಹೆಚ್ಚಾದಾಗ ಎಲ್ಲ ಗದ್ದೆಗಳೂ ತುಂಬಬೇಕಾಗಿತ್ತು. ತುಂಬದಿರುವುದನ್ನು ಚರಕನು ಕಂಡನು, ಕಂಡುದನ್ನು ಮರೆಮಾಡದೆ ಬರೆದನು. ಆದರೆ ಅದಕ್ಕೆ ಆತನು ಕೊಟ್ಟ ಕಾರಣ ಮಾರ್ಗಾವರಣ: ಮೇದಸ್ಸು ದಾರಿಯನ್ನು ಮುಚ್ಚಿತು, ವಾಯುವು ಕೋಷ್ಠದಲ್ಲಿಯೇ ಸುಳಿದು ಅಗ್ನಿಯನ್ನು ಕೆರಳಿಸಿತು. ಎಂದರೆ, ಉಪಮೆಯು ಸೋತ ಸ್ಥಳದಲ್ಲಿಯೂ ಆತನು ಉಪಮೆಯನ್ನು ಬಿಡದೆ ಕಾಲುವೆಯಲ್ಲಿ ಹೂಳು ತುಂಬಿತೆಂದು ಸಮಾಧಾನ ಹೇಳಿದನು. ಹೊಸಬರು ಹೂಳಿನ ಮಾತನ್ನು ಬಿಟ್ಟು ನೀರುಗಂಟಿಯನ್ನು ಹುಡುಕಿದರು. ಆದುದರಿಂದ ಚರಕನು ಕಂಡ ಕಾರ್ಯ ನಿಜ, ಊಹಿಸಿದ ಕಾರಣ ಬೇರೆ. ಕಾರ್ಯವನ್ನು ಕಂಡವನೆಂಬ ಕೀರ್ತಿ ಆತನಿಗೆ ಸಾಲದೆಂಬಂತೆ ಕಾರಣವನ್ನೂ ಆತನ ತಲೆಗೆ ಕಟ್ಟುವ ಭಕ್ತರು ಆತನ ನೋಟದ ನಿಜವಾದ ಬೆಲೆಯನ್ನೇ ಕಳೆಯುತ್ತಿರುವರು.

ನೀರುಗಂಟಿಯ ಉಪಮೆಗೂ ದೋಷಗಳಿಲ್ಲದಿಲ್ಲ. ಕೆರೆಗೊಬ್ಬ ನೀರುಗಂಟಿ, ದೇಹದಲ್ಲಾದರೋ ಪ್ರತಿಯೊಂದು ಗದ್ದೆಗೂ ಒಬ್ಬೊಬ್ಬ. ನೀರುಗಂಟಿಗೆ ಬುದ್ಧಿಯುಂಟು, ದಾಕ್ಷಿಣ್ಯವುಂಟು. ಎಂಟಾರಿಗೆ ಅವೆರಡೂ ಇಲ್ಲ. ಮೇಲಾಗಿ ಅದು ಎರಡು ಕೂಟಗಳಲ್ಲಿ ಸೇರಿ ಎರಡು ಬೇರೆ ಕೆಲಸಗಳನ್ನು ಮಾಡುವುದು. ರಾಪಮೈಸಿನ್ ಮೊದಲನೆಯ ಕೂಟವನ್ನು ಕೂಡಲೇ ಹಿಡಿಯುವುದು. ಬಹುಕಾಲ ಸೇವಿಸಿದರೆ ಎರಡನೆಯದನ್ನೂ ಕೆಡಿಸಿ, ತಗ್ಗಬೇಕಾದ ರಕ್ತದ ಸಕ್ಕರೆಯನ್ನು ಏರಿಸುವುದೂ ಉಂಟು. ಪ್ರತಿಯೊಂದು ಉಪಮೆಯನ್ನೂ ಅದು ಎಲ್ಲಿ ನಿಲ್ಲುವುದೆಂದು ಹೇಳಿಯೇ ತರಗತಿಯಲ್ಲಿ ಬಳಸತಕ್ಕದ್ದು.

ಇನ್ನು ಪದಗಳ ಮಾತು. ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ೧೯೧೮ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಂದಿನಿಂದ ಕನ್ನಡದಲ್ಲಿ ಈ ಕೆಲಸ ನಡೆದು ಬಂದಿದೆ. ಜೀವಕೋಶವೆಂಬುದು ನೆಲೆನಿಂತ ಪದ. ಕೋಶವೆಂದರೆ ಪೊರೆ, ಭಂಡಾರ, ಒರೆ ಎಂಬ ಅರ್ಥಗಳೆಲ್ಲ ಅಲ್ಲಿಗೆ ಸಲ್ಲುವುವು. ಅನ್ನಮಯಕೋಶದ ನೆನಪು ಮಾತ್ರ ಬರಬಾರದು. ತೊಡಕು ಇರುವುದು ಆಹಾರದ ಸುದ್ದಿಯನ್ನು ಹೇಳುವ ಪದದಲ್ಲಿ. ಪಾಠಗಳಲ್ಲಿ ಅದಕ್ಕೆ ಸಂಕೇತವೆಂಬುದು ಬಳಕೆಗೆ ಬಂದಿದೆ. ಶಾಸ್ತ್ರದಲ್ಲಿ ಸಂಕೇತವೆಂದರೆ ಈ ಪದಕ್ಕೆ ಈ ಅರ್ಥವೆಂಬ ಕಟ್ಟುಪಾಡು. ಕಾವ್ಯದಲ್ಲಿ ನಲ್ಲ ನಲ್ಲೆಯರು ಗೊತ್ತುಮಾಡಿಕೊಂಡ ತಾಣ. ಲ್ಯೂಸೀನಿಗೂ ಎಂಟಾರಿಗೂ ಯಾವ ಒಡಂಬಡಿಕೆಯೂ ಆಗಿಲ್ಲ, ಯಾವ ಬೆಳುದಿಂಗಳೂ ಇಲ್ಲ. ಸಂಜ್ಞೆಯೆಂದರೆ ವೈದ್ಯಗ್ರಂಥಗಳಲ್ಲಿ ಎಚ್ಚರ, ಪ್ರಜ್ಞೆ; ಓದುವವನು ಮೂರ್ಛಾರೋಗದ ಪ್ರಕರಣಕ್ಕೆ ಹೋಗಿಬಿಡುವನು. ಆದರೆ ಸಂಜ್ಞೆಯ ತದ್ಭವವಾದ ಸನ್ನೆಯು ಈ ಭಾರವನ್ನೆಲ್ಲ ಕಳಚಿ ಹಗುರವಾಗಿ ಬಂದಿದೆ. ಸನ್ನೆ ಎಂದರೆ ಕೆಲಸ ಮಾಡತಕ್ಕವನಿಗೆ ಮಾತಿಲ್ಲದೆ ಕೊಟ್ಟ ಅಪ್ಪಣೆ. ಪೋಷಕಸನ್ನೆಯೆಂದು ಕೂಡಿಸಿದರೆ ಅರಿಸಮಾಸದ ಆಕ್ಷೇಪ ಬಂದೀತು. ಅನ್ನದ ಸನ್ನೆ ಎಂದು ವಿಭಕ್ತಿಯನ್ನು ಉಳಿಸಿಕೊಂಡರೆ ಕೇಶಿರಾಜನ ಮಾತನ್ನೂ ಮೀರಿದಂತಾಗದು, ಮಕ್ಕಳಿಗೂ ಅರ್ಥವಾಗುವುದು.

ಇಷ್ಟು ಪದವಿಚಾರವೇಕೆಂದು ಕೇಳಬಹುದು. ತಪ್ಪು ಉಪಮೆಯಿಂದ ಕಾವ್ಯದಲ್ಲಿ ರಸಭಂಗವಾದೀತು. ವೈದ್ಯದಲ್ಲಿ ಅದು ಊಟದ ಎಲೆಯವರೆಗೂ ಬರುವುದು. ರಾಪಮೈಸಿನ್ನಿನಿಂದ ಇಲಿಗಳ ಆಯುಸ್ಸು ಹೆಚ್ಚಿತೆಂದು ೨೦೦೯ರಲ್ಲಿ ಪ್ರಕಟವಾದಾಗಿನಿಂದ, ತೂಬನ್ನು ಮುಚ್ಚಿದಷ್ಟೂ ಒಳ್ಳೆಯದು, ಉಪವಾಸವೇ ಆಯುಸ್ಸಿನ ಮೂಲ ಎಂಬ ಮಾತು ಹರಡಿತು. ಅದಕ್ಕೆ ಧರ್ಮಗ್ರಂಥಗಳ ಆಧಾರವನ್ನು ಹುಡುಕುವವರೂ ಹುಟ್ಟಿದರು. ಹಿರೀಸಾವೆಯಿರುವ ತಾಲ್ಲೂಕಿನಲ್ಲಿಯೇ ಶ್ರವಣಬೆಳಗೊಳದ ಚಿಕ್ಕಬೆಟ್ಟವುಂಟು. ಅಲ್ಲಿಯ ಬಂಡೆಗಳ ಮೇಲಿನ ಶಾಸನಗಳಲ್ಲಿ ಅನ್ನವನ್ನು ತೊರೆದು ಮುಡಿಪಿದವರ ಹೆಸರುಗಳು ಸಾಲುಗೊಂಡಿವೆ. ಅವರು ಆಯುಸ್ಸನ್ನು ಬೆಳೆಸಲು ಅನ್ನವನ್ನು ಬಿಟ್ಟವರಲ್ಲ, ಆಯುಸ್ಸನ್ನು ಮುಗಿಸಲು ಬಿಟ್ಟವರು. ಆ ವ್ರತದ ಗಾಂಭೀರ್ಯವನ್ನು ಆರೋಗ್ಯದ ಜಾಹೀರಾತಿಗೆ ಸಾಕ್ಷಿಯಾಗಿ ಕರೆಯುವುದು ವ್ರತಕ್ಕೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ.

ಕನ್ನಡನಾಡಿನಲ್ಲಿಯೇ ದೊರೆತಿರುವ ಸಾಕ್ಷ್ಯವು ಉಪವಾಸದ ಪಕ್ಷಕ್ಕೆ ಅನುಕೂಲವಾಗಿಲ್ಲ. ಮೈಸೂರಿನಲ್ಲಿ ಮಿಷನ್ ಆಸ್ಪತ್ರೆಯೆಂದು ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹೆರಿಗೆಯ ವಹಿಗಳಲ್ಲಿ ೧೯೩೪ರಿಂದ ಮೊದಲುಗೊಂಡು ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಬರೆದ ದಾದಿಯರಿಗೆ ಅದರಿಂದ ಮುಂದೇನಾಗುವುದೆಂಬ ಕಲ್ಪನೆಯೂ ಇದ್ದಿರಲಾರದು. ಹುಟ್ಟುವ ಮೊದಲಿನ ಪೋಷಣೆಯು ಮುಪ್ಪಿನ ರೋಗಗಳಿಗೆ ಕಾರಣವೆಂಬ ಪಕ್ಷವನ್ನು ಹೂಡಿದ ಇಂಗ್ಲೆಂಡಿನ ಬಾರ್ಕರ್, ಆತನ ಜೊತೆಗಾರರಾದ ಸ್ಟೈನ್, ಫಾಲ್, ಮೈಸೂರಿನಲ್ಲಿ ದುಡಿದ ಕುಮಾರನ್ ಮೊದಲಾದವರು, ೧೯೩೪ಕ್ಕೂ ೧೯೫೪ಕ್ಕೂ ನಡುವೆ ಅಲ್ಲಿ ಹುಟ್ಟಿದ ೫೧೭ ಮಂದಿಯನ್ನು ಹುಡುಕಿ ಪರೀಕ್ಷಿಸಿ ೧೯೯೬ರಲ್ಲಿ ಫಲವನ್ನು ಪ್ರಕಟಿಸಿದರು. ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಮೆ ತೂಕದಿಂದ ಹುಟ್ಟಿದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು, ೩.೨ ಕಿಲೋಗ್ರಾಂ ಅಥವಾ ಹೆಚ್ಚು ತೂಗಿದವರಲ್ಲಿ ನೂರಕ್ಕೆ ೩ ಮಂದಿಗೆ. ಕೂಸಿನ ತೂಕವೂ ಕಡಮೆ, ಬಸುರಿನಲ್ಲಿ ತಾಯಿಯ ತೂಕವೂ ೪೫ ಕಿಲೋಗ್ರಾಂಗೆ ಕಡಮೆಯಾಗಿದ್ದಲ್ಲಿ ಅದು ನೂರಕ್ಕೆ ೨೦ಕ್ಕೆ ಏರಿತು. ಸಂತರ್ಪಣದ ಪಟ್ಟಿಗೆ ಸೇರಬೇಕೆಂದು ತೋರುವ ರೋಗವು ಗರ್ಭದ ಅಪತರ್ಪಣದಿಂದ ಹುಟ್ಟಿದಂತೆ ಕಂಡಿತು.

ಅಷ್ಟಕ್ಕೇ ನಿಂತಿದ್ದರೆ ಕಥೆ ಸರಳವಾಗುತ್ತಿತ್ತು. ಅದೇ ವಹಿಗಳಿಂದ ೧೯೯೮ರಲ್ಲಿ ಮಧುಮೇಹವನ್ನು ಕುರಿತು ಹೊರಟ ಫಲವು ಬೇರೆಯಾಗಿತ್ತು: ಆ ರೋಗವು ಹೆಚ್ಚಾಗಿ ಕಂಡುದು ಹುಟ್ಟುವಾಗ ಉದ್ದಕ್ಕೆ ಮೀರಿ ದಪ್ಪವಾಗಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಕೊರತೆಯೊಂದೇ ಕಾರಣವೆನ್ನುವವರಿಗೂ, ಅತಿಯೊಂದೇ ಕಾರಣವೆನ್ನುವವರಿಗೂ ಒಂದೇ ಆಸ್ಪತ್ರೆಯ ವಹಿಯು ಅಡ್ಡಬಂದಿತು. ಚರಕನ ಎರಡು ಪಟ್ಟಿಗಳು ಒಂದೇ ದೇಹದಲ್ಲಿ, ಒಂದೇ ಮನೆತನದಲ್ಲಿ ಹೆಣೆದುಕೊಂಡಿರಬಹುದೆಂಬುದು ಇದರಿಂದ ತಿಳಿಯುವುದು. ಗರ್ಭದಲ್ಲಿ ಬರಗಾಲದ ಸನ್ನೆಯನ್ನು ಪಡೆದು ಅದಕ್ಕೆ ತಕ್ಕಂತೆ ಅಣಿಯಾದ ದೇಹವು ಮುಂದೆ ಸುಭಿಕ್ಷದಲ್ಲಿ ಬಾಳಬೇಕಾದಾಗ ತೊಂದರೆಗೊಳಗಾಗುವುದೆಂಬುದು ಬಾರ್ಕರನ ಪಕ್ಷದವರ ಊಹೆ. ಅದನ್ನು ಒಪ್ಪುವಾಗಲೂ ಅದು ಊಹೆಯೆಂಬುದನ್ನು ನೆನಪಿನಲ್ಲಿಡಬೇಕು.

ಮೈಸೂರಿನ ವಹಿಗಳಲ್ಲಿ ಎಂಟಾರಿನ ಪ್ರಸ್ತಾಪವಿಲ್ಲ. ತೂಕದ ಕಲ್ಲಿಗೆ ಅದು ಕಾಣತಕ್ಕ ವಸ್ತುವೂ ಅಲ್ಲ. ಎರಡನ್ನೂ ಕೂಡಿಸುವ ಎಳೆ ಬೇರೆಡೆಯ ಪ್ರಯೋಗಶಾಲೆಗಳಿಂದ ಬಂದಿದೆ. ತಾಯಿಯಿಂದ ಕೂಸಿಗೆ ಅಮೈನೋ ಆಮ್ಲಗಳನ್ನು ದಾಟಿಸುವ ಮಾಸಿನಲ್ಲಿಯೂ ಎಂಟಾರ್ ತೂಬನ್ನು ಕಾಯುವುದು. ಬೆಳವಣಿಗೆ ಕುಂಠಿತವಾದ ಕ
ೂಸುಗಳ ಮಾಸಿನಲ್ಲಿ ಅದರ ಚಟುವಟಿಕೆ ಕಡಮೆಯಾಗಿರುವುದನ್ನು ಶೋಧಕರು ಕಂಡಿರುವರು. ಬಸುರಿ ಹೆಚ್ಚು ಉಂಡರೆ ಕೂಸು ದಪ್ಪನಾಗಿ ಹೆರಿಗೆ ಕಷ್ಟವಾಗುವುದೆಂಬ ನಂಬಿಕೆ ಕನ್ನಡನಾಡಿನ ಹಳ್ಳಿಗಳಲ್ಲಿ ಕೇಳಿಬರುವಂಥದು. ಅಲ್ಲಿಗೆ ಉಪವಾಸದ ಹೊಸ ಮಾತೂ ಸೇರಿದರೆ ಆಗುವ ಹಾನಿಯು ಎಲೆಯ ಮೇಲಿನ ಅನ್ನಕ್ಕೆ ಮಾತ್ರ ಸಂಬಂಧಪಟ್ಟುದಲ್ಲ. ಇದನ್ನು ಪಾಠಪುಸ್ತಕದಲ್ಲಿ ಬರೆಯುವಾಗ ಜರಾಯು ಎಂಬ ಸಂಸ್ಕೃತ ಪದವನ್ನು ಹಾಕುವ ವಾಡಿಕೆಯುಂಟು. ಜರಾಯುವೆಂಬುದು ಮುಖ್ಯವಾಗಿ ಗರ್ಭವನ್ನು ಸುತ್ತಿದ ಪೊರೆ. ಪೋಷಣೆಯನ್ನು ದಾಟಿಸುವ ಅಂಗಕ್ಕೆ ಅದು ಪೂರ್ತಿಯಾಗಿ ಸಲ್ಲದು. ಹೆರಿಗೆಯಾದ ಮೇಲೆ ಮಾಸು ಬಿದ್ದಿತೆ ಎಂದು ಸೂಲಗಿತ್ತಿ ಕೇಳುವ ಮಾತಿನಲ್ಲಿ ಆ ಅಂಗವೇ ಇದೆ, ಮತ್ತೊಂದಲ್ಲ. ಬಸುರಿಗೂ ಆಕೆಯ ಅತ್ತೆಗೂ ಈ ಶಾಸ್ತ್ರವನ್ನು ತಿಳಿಸಹೊರಟ ಉಪಾಧ್ಯಾಯನು ಮಾಸು, ತೂಬು, ಸನ್ನೆ ಎಂಬ ಮೂರು ಪದಗಳಿಂದ ಆರಂಭಿಸಿದರೆ, ಚಕ್ರಪಾಣಿದತ್ತನ ಮೂರು ನ್ಯಾಯಗಳನ್ನು ಸಂಸ್ಕೃತದ ತರಗತಿಗೆ ಉಳಿಸಿಕೊಳ್ಳಬಹುದು.